ಗೆಲ್ಲಿಸಿದ ದಿನವೇ ಕೈತಪ್ಪುವ ಕುದುರೆ: ‘ಲಾರ್ಡ್ ಆಫ್ ಮಿಸ್‌ರೂಲ್’ ಓದಿದವರು ಇದ್ದೀರಾ?

ಹುಣಸೆಮರ:

ಎಲ್ಲರಿಗೂ ನಮಸ್ಕಾರ. ಜೇಮಿ ಗಾರ್ಡನ್ ಅವರ ‘ಲಾರ್ಡ್ ಆಫ್ ಮಿಸ್‌ರೂಲ್’ ಕಾದಂಬರಿ ಕೈಗೆತ್ತಿಕೊಂಡು ಹದಿನೈದು ದಿನ ಆಯಿತು. 50 ಪುಟ ದಾಟಲು ಒದ್ದಾಡುತ್ತಿದ್ದೇನೆ. ಪಕ್ಕಕ್ಕಿಡಲೂ ಮನಸ್ಸು ಬರುತ್ತಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕುದುರೆ ರೇಸ್ ಲೋಕದ ಕಥೆ. 2010ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂದದ್ದು ಇದಕ್ಕೆ. ಆ ವರ್ಷ ಕೊನೆ ಸುತ್ತಿನಲ್ಲಿ ಪೀಟರ್ ಕ್ಯಾರಿ, ನಿಕೋಲ್ ಕ್ರಾಸ್ ಥರದ ದೊಡ್ಡ ಹೆಸರುಗಳಿದ್ದವು. ಇದನ್ನು ಅಚ್ಚು ಹಾಕಿದ್ದು ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್ ಊರಿನ ಮ್ಯಾಕ್‌ಫರ್ಸನ್ ಆಂಡ್ ಕಂಪನಿ ಅನ್ನುವ ಪುಟ್ಟ ಪ್ರಕಾಶನ. ಲೇಖಕಿಗೆ ಆಗ 66 ವರ್ಷ. ವಯಸ್ಸಿನಲ್ಲಿದ್ದಾಗ ಅವರು ರೇಸ್ ಟ್ರ್ಯಾಕ್‌ಗಳ ಲಾಯದಲ್ಲಿ ಕೆಲಸ ಮಾಡಿದವರು. ಅದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ.

ಕಥೆ ನಡೆಯುವುದು 1970ರ ದಶಕದ ಶುರುವಿನಲ್ಲಿ, ವೆಸ್ಟ್ ವರ್ಜೀನಿಯಾ ರಾಜ್ಯದ ‘ಇಂಡಿಯನ್ ಮೌಂಡ್ ಡೌನ್ಸ್’ ಎಂಬ ಕಲ್ಪಿತ ಟ್ರ್ಯಾಕ್‌ನಲ್ಲಿ. ದೊಡ್ಡ ಟೋಪಿ ಹಾಕಿದ ಹೆಂಗಸರು, ಡರ್ಬಿ ಕಪ್, ಅಂಥದ್ದೇನೂ ಇಲ್ಲಿಲ್ಲ. ಕಾಲು ಕೆಟ್ಟ ಕುದುರೆಗಳು, ಸಾಲ ತೀರದ ಜನ, ಕೆಸರು. ಮೊದಲ ಪುಟದಲ್ಲೇ ಕುದುರೆಗಳನ್ನು ಸುತ್ತು ಹಾಕಿಸುವ ಒಂದು ಯಂತ್ರ ಕಿರ್ರೆನ್ನುತ್ತಾ ತಿರುಗುತ್ತಿರುತ್ತದೆ. ನಮ್ಮ ಗಾಣ ನೆನಪಾಯಿತು. ಆ ಚಿತ್ರ ಇನ್ನೂ ಕಣ್ಣ ಮುಂದಿದೆ.

ಕಷ್ಟ ಎರಡು. ಮಾತಿಗೆ ಉದ್ಧರಣ ಚಿಹ್ನೆ ಹಾಕಿಯೇ ಇಲ್ಲ. ಯಾರು ಮಾತಾಡುತ್ತಿದ್ದಾರೆ, ಯಾರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಾರೆ ಅಂತ ಬಿಡಿಸಿಕೊಳ್ಳಬೇಕು. ಅದಕ್ಕಾದರೂ ಹೊಂದಿಕೊಳ್ಳಬಹುದು. ಆದರೆ ಎಲ್ಲರೂ ‘ಕ್ಲೇಮ್, ಕ್ಲೇಮ್’ ಅಂತ ಹೆದರುತ್ತಾರಲ್ಲ, ಅದು ಏನು? ಕುದುರೆ ಗೆದ್ದರೂ ಹೆದರುತ್ತಾರೆ. ರೇಸ್ ಬಲ್ಲವರು ದಯವಿಟ್ಟು ಹೇಳಿ.

ಲಾಯದ ಮಗ:

ನಮ್ಮ ತಂದೆ ಸೈಸ್ ಆಗಿದ್ದರು. ಮೂವತ್ತು ವರ್ಷ ಕುದುರೆ ನೋಡಿಕೊಂಡರು. ನಾನು ಹುಲ್ಲಿನ ಕಂತೆ ಮೇಲೆ ಕೂತು ಹೋಂವರ್ಕ್ ಮಾಡಿದವನು. ಹಾಗಾಗಿ ಈ ಪುಸ್ತಕ ನನಗೆ ಬೇರೆಯೇ ರೀತಿ ತಟ್ಟಿತು. ಕ್ಲೇಮಿಂಗ್ ರೇಸ್ ಅಂದರೆ ಏನು ಅಂತ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕಾದಂಬರಿ ನಿಂತಿರುವುದೇ ಆ ಒಂದು ಕಟ್ಟಳೆಯ ಮೇಲೆ.

ನಮ್ಮ ಬೆಂಗಳೂರು, ಮೈಸೂರು ರೇಸ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹ್ಯಾಂಡಿಕ್ಯಾಪ್ ಪದ್ಧತಿ. ಪ್ರತಿ ಕುದುರೆಗೂ ಒಂದು ರೇಟಿಂಗ್. ಗೆದ್ದರೆ ರೇಟಿಂಗ್ ಏರುತ್ತದೆ, ಮುಂದಿನ ಸಲ ಬೆನ್ನ ಮೇಲೆ ಜಾಸ್ತಿ ತೂಕ ಹೊರಬೇಕು. ಸೋತರೆ ತೂಕ ಇಳಿಯುತ್ತದೆ. ಹಾಗೆ ಕಸುವಿರುವ ಕುದುರೆಯನ್ನೂ ಇಲ್ಲದ್ದನ್ನೂ ಒಂದೇ ಗೆರೆಗೆ ತರುತ್ತಾರೆ.

ಅಮೆರಿಕದ ಸಣ್ಣ ಟ್ರ್ಯಾಕ್‌ಗಳಲ್ಲಿ ಬೇರೆ ದಾರಿ. ಅಲ್ಲಿ ರೇಸ್‌ಗೇ ಒಂದು ಬೆಲೆ ಇರುತ್ತದೆ. ಇದು 1500 ಡಾಲರ್ ರೇಸ್, ಇದು 5000 ಡಾಲರ್ ರೇಸ್, ಹೀಗೆ. ನೀವು ನಿಮ್ಮ ಕುದುರೆಯನ್ನು 1500 ಡಾಲರ್ ರೇಸ್‌ಗೆ ಬಿಟ್ಟಿರಿ ಅಂದರೆ, ಅದು ಅಷ್ಟು ಹಣಕ್ಕೆ ಮಾರಾಟಕ್ಕಿದೆ ಅಂತ ಲೆಕ್ಕ. ಅಲ್ಲಿನ ಇನ್ನೊಬ್ಬ ಓನರ್ ರೇಸ್‌ಗೆ ಮೊದಲೇ ಒಂದು ಚೀಟಿ ಬರೆದು ಡಬ್ಬಿಗೆ ಹಾಕಬಹುದು. ನಿಮಗೆ ಗೊತ್ತೂ ಆಗುವುದಿಲ್ಲ. ಓಟ ಶುರುವಾಯಿತೋ, ಕುದುರೆ ಅವನದು. ಆ ಓಟದ ಬಹುಮಾನ ಮಾತ್ರ ನಿಮ್ಮದು. ಇಬ್ಬರು ಮೂವರು ಚೀಟಿ ಹಾಕಿದ್ದರೆ ಲಾಟರಿ ಎತ್ತುತ್ತಾರೆ. ಓಟ ಮುಗಿಸಿ ಬಂದ ಕುದುರೆಯ ಹಗ್ಗ ಹಿಡಿಯಲು ಬೇರೆ ಲಾಯದವನು ಬಂದು ನಿಂತಿರುತ್ತಾನೆ.

ಈಗ ಯೋಚನೆ ಮಾಡಿ. ಒಳ್ಳೆ ಕುದುರೆಯನ್ನು ದೊಡ್ಡ ಬೆಲೆಯ ರೇಸ್‌ಗೆ ಬಿಟ್ಟರೆ ಎದುರಿಗೆ ಇನ್ನೂ ಒಳ್ಳೆ ಕುದುರೆಗಳು. ಸೋಲುತ್ತೀರಿ. ಕಡಿಮೆ ಬೆಲೆಗೆ ಬಿಟ್ಟರೆ ಸುಲಭವಾಗಿ ಗೆಲ್ಲುತ್ತೀರಿ, ಆದರೆ ಅದನ್ನು ಕಂಡ ಯಾರೋ ಎತ್ತಿಕೊಂಡು ಹೋಗುತ್ತಾರೆ. ಗೆಲ್ಲಬೇಕಾದರೆ ಕಳೆದುಕೊಳ್ಳಲು ತಯಾರಿರಬೇಕು. ಕಾದಂಬರಿಯ ಟ್ರೈನರ್ ಟಾಮಿ ಹ್ಯಾನ್ಸೆಲ್ ಹೊಂಚು ಹಾಕುವುದು ಇದೇ ಸಂದಿಯಲ್ಲಿ. ಯಾರಿಗೂ ಪರಿಚಯವಿಲ್ಲದ ನಾಲ್ಕು ಕುದುರೆ ತರುವುದು, ಅವು ಕೆಟ್ಟವು ಅಂತ ಜನ ನಂಬುವಾಗಲೇ ಅಗ್ಗದ ರೇಸ್‌ಗೆ ಬಿಡುವುದು, ಒಳ್ಳೆ ಆಡ್ಸ್ (ಕಟ್ಟಿದ ದುಡ್ಡಿಗೆ ಎಷ್ಟು ಪಟ್ಟು ಸಿಗುತ್ತದೆ ಅನ್ನುವ ದರ) ಸಿಕ್ಕಾಗ ಬಾಜಿ ಕಟ್ಟಿ ಗೆಲ್ಲುವುದು, ಯಾರೂ ಚೀಟಿ ಹಾಕುವ ಮೊದಲೇ ಊರು ಬಿಡುವುದು. ಆದರೆ ಟ್ರ್ಯಾಕ್ ಅಂದರೆ ಹಳ್ಳಿ ಇದ್ದ ಹಾಗೆ. ಹೊಸಬ ಬಂದು ಹಗ್ಗ ಬಿಚ್ಚುವುದರೊಳಗೆ ಎಲ್ಲರಿಗೂ ಎಲ್ಲ ಗೊತ್ತಾಗಿರುತ್ತದೆ.

ರಾತ್ರಿ ಓದು:

ಅಬ್ಬಾ. ನಾನು ಇದನ್ನು ಎರಡು ವರ್ಷದ ಹಿಂದೆ ಓದಿ ಮುಗಿಸಿದ್ದೆ. ಕ್ಲೇಮ್ ಅಂದರೆ ಹಕ್ಕುಸ್ವಾಮ್ಯದ ಜಗಳ ಅಂತ ಅಂದುಕೊಂಡೇ ಓದಿದ್ದೆ! ಮತ್ತೆ ಓದಬೇಕು.

ಹಾಗಾದರೆ ಒಂದು ಪ್ರಶ್ನೆ. ಅಗ್ಗದ ಕುದುರೆಯನ್ನು ಯಾರು ಯಾಕೆ ಎತ್ತಿಕೊಳ್ಳುತ್ತಾರೆ? ನಿಜಕ್ಕೂ ಲಾಭ ಆದದ್ದು ಇದೆಯಾ?

ಲಾಯದ ಮಗ:

ಇದೆ. ಅದೇ ಆಸೆಯ ಮೇಲೇ ಆ ಲೋಕ ನಡೆಯುವುದು. 1943ರಲ್ಲಿ ಹರ್ಷ್ ಜೇಕಬ್ಸ್ ಎಂಬ ಟ್ರೈನರ್ ಸ್ಟೈಮಿ ಎಂಬ ಕುದುರೆಯನ್ನು 1500 ಡಾಲರ್‌ಗೆ ಕ್ಲೇಮ್ ಮಾಡಿದರು. ಅದು ಓಟ ನಿಲ್ಲಿಸುವ ಹೊತ್ತಿಗೆ 9 ಲಕ್ಷ ಡಾಲರ್‌ಗೂ ಹೆಚ್ಚು ಬಹುಮಾನ ಗೆದ್ದಿತ್ತು. ತೀರಾ ಈಚೆಗೆ, ಅಮೆರಿಕದ ಹೆಸರಾಂತ ರೇಸ್ ಆದ ಕೆಂಟಕಿ ಡರ್ಬಿಯನ್ನು 2022ರಲ್ಲಿ ಗೆದ್ದ ರಿಚ್ ಸ್ಟ್ರೈಕ್ ಕೂಡ ಹಿಂದಿನ ವರ್ಷ 30,000 ಡಾಲರ್‌ಗೆ ಕ್ಲೇಮ್ ಆದ ಕುದುರೆ. ಡರ್ಬಿ ದಿನ ಅದರ ಆಡ್ಸ್ 80ಕ್ಕೆ 1 ಇತ್ತು.

ಆದರೆ ಒಂದು ಸ್ಟೈಮಿ ಹಿಂದೆ ಸಾವಿರಾರು ಕುದುರೆಗಳಿವೆ. ಒಬ್ಬರ ಕೈಯಿಂದ ಇನ್ನೊಬ್ಬರಿಗೆ, ಒಂದು ಟ್ರ್ಯಾಕ್‌ನಿಂದ ಅದಕ್ಕಿಂತ ಕೆಳಗಿನ ಟ್ರ್ಯಾಕ್‌ಗೆ. ಗಾರ್ಡನ್ ಬರೆದಿರುವುದು ಅವುಗಳ ಬಗ್ಗೆ. ಪೆಲ್ಟರ್ ಎಂಬ ಕುದುರೆ ಬರುತ್ತದಲ್ಲ, ಒಂದು ಕಾಲದಲ್ಲಿ ದೊಡ್ಡ ರೇಸ್‌ಗಳಲ್ಲಿ ಓಡಿದ್ದು. ಈಗ ವಯಸ್ಸಾಗಿ ಇಲ್ಲಿಗೆ ಬಂದಿದೆ. ಅದು ತಲೆ ಎತ್ತಿ ನಿಲ್ಲುವ ರೀತಿ ಓದುವಾಗ ನನಗೆ ಗಂಟಲು ಕಟ್ಟಿತು. ಅಂಥ ಕುದುರೆಗಳನ್ನು ನಾನು ನೋಡಿದ್ದೇನೆ. ಮುದಿಯಾದರೂ ಬ್ಯಾಂಡ್ ಸದ್ದು ಕೇಳಿದರೆ ಕಿವಿ ನಿಮಿರಿಸುತ್ತವೆ.

ಓಹಾಯೋ ದಡದಿಂದ:

ನಾನು ಇರುವುದು ಓಹಾಯೋ ರಾಜ್ಯದಲ್ಲಿ, ವೆಸ್ಟ್ ವರ್ಜೀನಿಯಾ ಗಡಿಗೆ ಹತ್ತಿರ. ಈ ಕಾದಂಬರಿ ಓದಿದ ಮೇಲೆ ಒಂದು ಭಾನುವಾರ ಕಾರು ಹತ್ತಿ ಹೋಗಿದ್ದೆ. ಟ್ರ್ಯಾಕ್ ಕಲ್ಪಿತ, ಆದರೆ ಹೆಸರಿನ ಹಿಂದಿನ ದಿಬ್ಬ ಕಲ್ಪಿತವಲ್ಲ ಅಂತ ನನ್ನ ಲೆಕ್ಕ. ಮೌಂಡ್ಸ್‌ವಿಲ್ ಎಂಬ ಊರಿನಲ್ಲಿ ಗ್ರೇವ್ ಕ್ರೀಕ್ ದಿಬ್ಬ ಇದೆ. ಅಡೀನಾ ಎಂಬ ಮೂಲನಿವಾಸಿ ಜನ ಎರಡು ಸಾವಿರ ವರ್ಷಕ್ಕೂ ಹಿಂದೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಸಮಾಧಿ. ಸುಮಾರು 20 ಮೀಟರ್ ಎತ್ತರ. ಮೇಲೆ ನಿಂತರೆ ಊರಿನ ಮನೆಗಳು, ಅದರಾಚೆ ಓಹಾಯೋ ನದಿ.

ಅಲ್ಲಿಂದ ಸ್ವಲ್ಪ ಮೇಲಕ್ಕೆ ಹೋದರೆ ವೀಲಿಂಗ್ ಪಟ್ಟಣ. ನದಿಯ ನಡುವೆ ಒಂದು ದ್ವೀಪ, ಅದರ ತುದಿಯಲ್ಲಿ ಹಿಂದೆ ಕುದುರೆ ಓಡುತ್ತಿದ್ದ ಟ್ರ್ಯಾಕ್. ಈಗ ಅಲ್ಲಿ ಓಡುವುದು ಗ್ರೇಹೌಂಡ್ ನಾಯಿಗಳು, ಪಕ್ಕದಲ್ಲಿ ಕ್ಯಾಸಿನೊ. ಕಲ್ಲಿದ್ದಲು, ಉಕ್ಕು ಎರಡೂ ಸೊರಗಿದ ಸೀಮೆ ಇದು. ಬಾಗಿಲು ಮುಚ್ಚಿದ ಕಾರ್ಖಾನೆಗಳು ಸಾಲಾಗಿ ಕಾಣುತ್ತವೆ. ಆ ಜನ ವಾರದ ಸಂಬಳ ಹಿಡಿದು ರಾತ್ರಿ ಟ್ರ್ಯಾಕ್‌ಗೆ ಬರುತ್ತಿದ್ದರು ಅಂತ ಊಹಿಸಿಕೊಂಡರೆ ಕಾದಂಬರಿಯ ಬೆಳಕು, ಹೊಗೆ ಎಲ್ಲ ಸರಿಹೋಗುತ್ತದೆ. ಇದೇ ಕಾಲದಲ್ಲಿ, 1973ರಲ್ಲಿ, ನ್ಯೂಯಾರ್ಕ್‌ನಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಬೆಲ್‌ಮಾಂಟ್ ರೇಸನ್ನು 31 ಕುದುರೆಯುದ್ದ ಮುಂದೆ ಇದ್ದು ಗೆದ್ದಿತು. ಎರಡೂ ಒಂದೇ ದೇಶ, ಒಂದೇ ಆಟ.

ಕೆರೆದಂಡೆ:

ಎಲ್ಲರೂ ಇಷ್ಟು ಪ್ರೀತಿಯಿಂದ ಬರೆಯುತ್ತಿದ್ದೀರಿ. ನನಗೆ ಸಂಕಟವಾಗುತ್ತಿದೆ. ಹೇಳಿಯೇ ಬಿಡುತ್ತೇನೆ.

ನಮ್ಮ ಮನೆಯಲ್ಲಿ ಚಿಕ್ಕಪ್ಪನನ್ನು ರೇಸ್ ತಿಂದು ಹಾಕಿತು. ಶನಿವಾರ ಬೆಳಿಗ್ಗೆ ರೇಸ್ ಪುಸ್ತಕ ಹಿಡಿದು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ಎಷ್ಟು ಶ್ರದ್ಧೆ ಅಂದರೆ, ಪರೀಕ್ಷೆಗೆ ಓದುವ ಹುಡುಗನ ಥರ. ಮೊದಲು ಸ್ಕೂಟರ್ ಹೋಯಿತು, ಆಮೇಲೆ ಚಿಕ್ಕಮ್ಮನ ಸರ, ಆಮೇಲೆ ಸೈಟು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಬರೀ ಅದೃಷ್ಟದ ಆಟವಲ್ಲ, ಜಾಣ್ಮೆಯ ಆಟ ಅಂತ ತೀರ್ಪು ಕೊಟ್ಟಾಗ ಚಿಕ್ಕಪ್ಪ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದರು. ಆ ತೀರ್ಪಿನಿಂದ ನಮ್ಮ ಮನೆಯ ಒಲೆ ಉರಿಯಲಿಲ್ಲ. ಇಂಥ ಲೋಕವನ್ನು ಚಂದ ಮಾಡಿ ತೋರಿಸುವ ಕಾದಂಬರಿಯನ್ನು ನಾನು ಯಾಕೆ ಓದಬೇಕು? ಸಿಟ್ಟಿನಿಂದ ಕೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ.

ರಾತ್ರಿ ಓದು:

ಕೆರೆದಂಡೆ ಅವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕಾದಂಬರಿ ರೇಸನ್ನು ಹೊಗಳುವುದಿಲ್ಲ ಅಂತ ಮಾತ್ರ ಹೇಳಬಲ್ಲೆ. ಟೂ-ಟೈ ಎಂಬ ಬಡ್ಡಿ ವ್ಯಾಪಾರಿ ಇದ್ದಾನೆ, ಟಾಮಿಯ ಗೆಳತಿ ಮ್ಯಾಗಿಗೆ ನೆಂಟ. ಒಂಟಿ ಮುದುಕ. ಎಲಿಜಬೆತ್ ಎಂಬ ಮುದಿ ನಾಯಿ ಬಿಟ್ಟರೆ ಅವನಿಗೆ ಯಾರೂ ಇಲ್ಲ. ಸಾಲ ಕೊಡುವವನು, ಆದರೆ ಸಾಲಕ್ಕೆ ಸಿಕ್ಕವರ ಗತಿ ಅವನಷ್ಟು ಚೆನ್ನಾಗಿ ಬಲ್ಲವರು ಆ ಊರಲ್ಲಿ ಇನ್ನಿಲ್ಲ. ಅವನ ಅಧ್ಯಾಯಗಳಲ್ಲಿ ನಿಮ್ಮ ಚಿಕ್ಕಪ್ಪನಂಥವರು ಬರುತ್ತಾರೆ, ಹೋಗುತ್ತಾರೆ. ಲೇಖಕಿ ಅವರನ್ನು ಬೈಯುವುದೂ ಇಲ್ಲ, ಮುದ್ದು ಮಾಡುವುದೂ ಇಲ್ಲ.

ಲಾಯದ ಮಗ:

ನಾನೂ ಒಂದು ಮಾತು ಹೇಳಬಹುದಾ? ಗ್ಯಾಲರಿಯಲ್ಲಿ ಕೂತವರಿಗೆ ಕುದುರೆ ಅಂದರೆ ಒಂದು ನಂಬರು. ಲಾಯದಲ್ಲಿ ಇರುವವರಿಗೆ ಅದು ಬೆಳಿಗ್ಗೆ 4 ಗಂಟೆಗೆ ಎದ್ದು ಕಾಲು ಮುಟ್ಟಿ ನೋಡಬೇಕಾದ ಜೀವ. ಬಿಸಿ ಇದೆಯಾ, ಊದಿದೆಯಾ ಅಂತ. ತಂದೆ ಜೀವಮಾನದಲ್ಲಿ ಒಂದು ರೂಪಾಯಿ ಬಾಜಿ ಕಟ್ಟಲಿಲ್ಲ. ‘ಅದರ ಹೊಟ್ಟೆ ನೋವು ನನಗೆ ಗೊತ್ತು, ಅದರ ಮೇಲೆ ದುಡ್ಡು ಹೇಗೆ ಹಾಕಲಿ’ ಅನ್ನುತ್ತಿದ್ದರು. ಒಮ್ಮೆ ಒಂದು ಕುದುರೆ ಒದ್ದು ಅವರ ಎರಡು ಪಕ್ಕೆಲುಬು ಮುರಿಯಿತು. ಲಾಯದ ಯಜಮಾನರು ಆಸ್ಪತ್ರೆ ಖರ್ಚು ಕೊಡಲಿಲ್ಲ. ಮೂರು ವಾರ ಆದಮೇಲೆ ತಂದೆ ವಾಪಸ್ ಹೋಗಿದ್ದು ಅದೇ ಕುದುರೆಯ ಹತ್ತಿರ. ಬೇರೆಯವರು ಅದಕ್ಕೆ ಹೊಡೆಯುತ್ತಾರೆ ಅಂತ.

ನಿಮ್ಮ ಚಿಕ್ಕಪ್ಪನ ದುಡ್ಡಿನಲ್ಲಿ ಒಂದು ಚೂರು ನಮ್ಮ ಮನೆಗೂ ಸಂಬಳವಾಗಿ ಬಂದಿರುತ್ತದೆ. ಇದನ್ನು ನಾನು ಮರೆತಿಲ್ಲ. ಈ ಕಾದಂಬರಿ ನನಗೆ ಬೇಕಾದದ್ದು ಅದಕ್ಕೇ. ಅದು ಗ್ಯಾಲರಿ ಕಡೆಯಿಂದ ನೋಡುವುದಿಲ್ಲ, ಹಿಂದಿನ ಗೇಟಿನಿಂದ ಒಳಗೆ ಬರುತ್ತದೆ.

ಕೆರೆದಂಡೆ:

ನಿಮ್ಮ ತಂದೆಯ ಮಾತು ಮನಸ್ಸಿಗೆ ತಾಗಿತು. ಪುಸ್ತಕ ತರಿಸುತ್ತೇನೆ. ಇಷ್ಟ ಆಗದಿದ್ದರೆ ಇಲ್ಲೇ ಬಂದು ಹೇಳುತ್ತೇನೆ.

ದನದ ಡಾಕ್ಟರು:

ನಾನು ಪಶುವೈದ್ಯ. ಕುದುರೆ ಕಡಿಮೆ, ಎಮ್ಮೆ ದನವೇ ಜಾಸ್ತಿ. ಆದರೆ ಓದುವಾಗ ನನ್ನ ಗಮನ ಕಾಲುಗಳ ಮೇಲೇ ಇತ್ತು. ರೇಸಿಗೆ ಓಡಿಸುವ ಥರೋಬ್ರೆಡ್ ತಳಿಯ ಕುದುರೆ ಸುಮಾರು 450ರಿಂದ 500 ಕಿಲೋ ತೂಗುತ್ತದೆ. ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ. ಬರೀ ಎಲುಬು, ಸ್ನಾಯುರಜ್ಜು, ಚರ್ಮ. ನಾಗಾಲೋಟದಲ್ಲಿ ಒಂದು ಗಳಿಗೆ ಇಡೀ ದೇಹದ ಎರಡು ಪಟ್ಟಿಗೂ ಹೆಚ್ಚು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆ ರಜ್ಜು ಒಮ್ಮೆ ಹರಿದರೆ ಮೊದಲಿನ ಹಾಗೆ ಕೂಡುವುದಿಲ್ಲ. ಎಲುಬು ಮುರಿದರಂತೂ, ಉಳಿದ ಕಾಲುಗಳ ಮೇಲೆ ಭಾರ ಬಿದ್ದು ಅವುಗಳ ಗೊರಸೂ ಕೆಡುತ್ತದೆ. ‘ಕಾಲು ಮುರಿದರೆ ಗುಂಡು ಹೊಡೆಯುತ್ತಾರೆ’ ಅನ್ನುವ ಮಾತಿನ ಹಿಂದೆ ಇರುವುದು ಇದು.

ಇನ್ನು ಔಷಧಿ. ಕಾದಂಬರಿಯಲ್ಲಿ ‘ಬ್ಯೂಟ್’ ಅಂತ ಬರುತ್ತದೆ. ಫಿನೈಲ್‌ಬ್ಯುಟಜೋನ್. ನೋವು, ಊತ ಇಳಿಸುವ ಔಷಧಿ. ನೋವು ಇಳಿಯುತ್ತದೆ, ಗಾಯ ವಾಸಿಯಾಗುವುದಿಲ್ಲ. ಕುದುರೆಗೆ ತನ್ನ ಕಾಲು ಕೆಟ್ಟಿದೆ ಅಂತ ಗೊತ್ತಾಗದೆ ಪೂರ್ತಿ ಜೋರಿನಿಂದ ಓಡುತ್ತದೆ. 1968ರ ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ಡ್ಯಾನ್ಸರ್ಸ್ ಇಮೇಜ್ ಎಂಬ ಕುದುರೆಯ ಬಹುಮಾನ ಕಿತ್ತುಕೊಂಡಿದ್ದು ಇದೇ ಔಷಧಿಯ ಕಾರಣಕ್ಕೆ. ಡರ್ಬಿಯಲ್ಲೇ ಹಾಗೆ ಅಂದಮೇಲೆ ಹಿಂದಿನ ಗೇಟಿನ ಟ್ರ್ಯಾಕ್‌ಗಳಲ್ಲಿ ಹೇಗಿತ್ತೋ.

ಕ್ಲೇಮ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಳೆ ಕಟ್ಟಳೆ ಪ್ರಕಾರ ಕುದುರೆ ಓಟದ ನಡುವೆ ಬಿದ್ದು ಸತ್ತರೂ ಚೀಟಿ ಹಾಕಿದವನು ಹಣ ಕೊಡಲೇಬೇಕಿತ್ತು. ಅಂದರೆ ಕಾಲು ಕೆಟ್ಟ ಕುದುರೆಯನ್ನು ಓಡಿಸಿ, ಇನ್ನೊಬ್ಬರ ತಲೆಗೆ ಕಟ್ಟುವ ಆಸೆ ಮೂಡಲು ಕಟ್ಟಳೆಯೇ ದಾರಿ ಮಾಡಿಕೊಟ್ಟಿತ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ 2022ರ ಜುಲೈನಿಂದ ಹೊಸ ಸುರಕ್ಷತಾ ನಿಯಮ ಬಂದಿದೆ. ಕುದುರೆ ಟ್ರ್ಯಾಕ್ ಮೇಲೆ ಸತ್ತರೆ ಅಲ್ಲಿ ಕ್ಲೇಮ್ ರದ್ದು. ಕಾದಂಬರಿಯ ಕಾಲದಲ್ಲಿ ಈ ಕಾವಲು ಇರಲಿಲ್ಲ.

ಹುಣಸೆಮರ:

ನಿಮ್ಮೆಲ್ಲರ ಮಾತು ಓದಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈಗ ಎರಡನೇ ಭಾಗದಲ್ಲಿದ್ದೇನೆ. ನಾಲ್ಕು ಭಾಗಗಳಿಗೆ ನಾಲ್ಕು ಕುದುರೆಗಳ ಹೆಸರು: ಮಿಸ್ಟರ್ ಬಾಲ್ ವೀವಿಲ್, ಲಿಟಲ್ ಸ್ಪಿನೋಜಾ, ಪೆಲ್ಟರ್, ಲಾರ್ಡ್ ಆಫ್ ಮಿಸ್‌ರೂಲ್. ಒಂದೊಂದು ಭಾಗ ಒಂದೊಂದು ರೇಸ್. ಲಿಟಲ್ ಸ್ಪಿನೋಜಾಗೆ ಬೀಜ ಒಡೆಸುವ ಭಾಗ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಅಂಜುಬುರುಕ ಕುದುರೆ ಸ್ವಲ್ಪ ತಣ್ಣಗಾಗಲಿ ಅಂತ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಅದೇ ನನಗೆ ತಡೆಯಲಾಗಲಿಲ್ಲ.

ಪದಕಟ್ಟು:

ಹೆಸರುಗಳ ಮಾತು ಬಂತಲ್ಲ, ನಾನು ಸೇರಿಕೊಳ್ಳುತ್ತೇನೆ. ಬಾಲ್ ವೀವಿಲ್ ಅಂದರೆ ಹತ್ತಿ ಕಾಯಿ ಕೊರೆಯುವ ಹುಳ. 1890ರ ದಶಕದಲ್ಲಿ ಮೆಕ್ಸಿಕೋ ಕಡೆಯಿಂದ ಬಂದು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳನ್ನು ನುಂಗಿತು. ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಜನ ಊರು ಬಿಟ್ಟು ಉತ್ತರಕ್ಕೆ ಹೋಗಲು ಅದೂ ಒಂದು ಕಾರಣ. ಅವರು ಆ ಹುಳದ ಮೇಲೆ ಹಾಡು ಕಟ್ಟಿದರು. ಹಾಡಿನಲ್ಲಿ ಹುಳ ಕೇಳುವುದು ಒಂದು ಮನೆಯನ್ನು. ಈಗ ಕಾದಂಬರಿಗೆ ಬನ್ನಿ. ಮೆಡಿಸಿನ್ ಎಡ್, 72 ವರ್ಷದ ಕಪ್ಪು ಮುದುಕ, ಕುಂಟು ಕಾಲು, ದಕ್ಷಿಣದಿಂದ ಬಂದವನು. ಹುಡುಗನಾಗಿದ್ದಾಗಿನಿಂದ ಬೇರೆಯವರ ಕುದುರೆ ತೊಳೆದಿದ್ದಾನೆ. ಅವನಿಗೆ ಬೇಕಾಗಿರುವುದು ಕಣ್ಣು ಮುಚ್ಚುವ ಮೊದಲು ತನ್ನದು ಅನ್ನುವ ಒಂದು ಮನೆ. ಮೊದಲ ಭಾಗಕ್ಕೆ ಆ ಕುದುರೆಯ ಹೆಸರೇ ಯಾಕೆ ಅಂತ ನನಗೆ ಆಗ ಹೊಳೆಯಿತು.

ಇನ್ನೊಂದು. ಹ್ಯಾನ್ಸೆಲ್ ಮತ್ತು ಮ್ಯಾಗಿ. ಮ್ಯಾಗಿ ಅಂದರೆ ಮಾರ್ಗರೆಟ್. ಜರ್ಮನ್ ಭಾಷೆಯಲ್ಲಿ ಮಾರ್ಗರೆಟ್ ಹೆಸರಿನ ಮುದ್ದು ರೂಪ ಗ್ರೆಟೆಲ್. ಕಾಡಿನಲ್ಲಿ ದಾರಿ ತಪ್ಪಿದ ಹ್ಯಾನ್ಸೆಲ್, ಗ್ರೆಟೆಲ್ ಎಂಬ ಅಣ್ಣ ತಂಗಿಯರ ಕಥೆ ಗೊತ್ತಿರುವವರಿಗೆ ಇಷ್ಟು ಸಾಕು.

ಶೀರ್ಷಿಕೆಯೂ ಹಾಗೆಯೇ. ಹಿಂದೆ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬದ ದಿನಗಳಿಗೆ ಒಬ್ಬ ಸಾಮಾನ್ಯನನ್ನು ದೊರೆ ಮಾಡುತ್ತಿದ್ದರು. ಅವನೇ ‘ಲಾರ್ಡ್ ಆಫ್ ಮಿಸ್‌ರೂಲ್’. ಅವನ ಆಳ್ವಿಕೆಯಲ್ಲಿ ಎಲ್ಲ ತಲೆಕೆಳಗು. ಆಳು ಯಜಮಾನ, ಯಜಮಾನ ಆಳು. ಹಬ್ಬ ಮುಗಿದರೆ ಅವನ ದೊರೆತನವೂ ಮುಗಿಯಿತು. ಕಾದಂಬರಿಯಲ್ಲಿ ಆ ಹೆಸರಿನ ಕರಿ ಕುದುರೆ ಕೊನೆಯ ಭಾಗದಲ್ಲಿ ಬರುತ್ತದೆ. ಮುಂದಿನದು ಹೇಳುವುದಿಲ್ಲ.

ನನಗೆ ಇದನ್ನು ಕನ್ನಡಕ್ಕೆ ತರುವ ಆಸೆ ಬಹಳ ದಿನದಿಂದ ಇದೆ. ಆದರೆ ಮೆಡಿಸಿನ್ ಎಡ್‌ನ ಮಾತಿನ ಹತ್ತಿರ ನಿಂತುಬಿಡುತ್ತೇನೆ. ಅವನ ಅಧ್ಯಾಯಗಳು ಪೂರ್ತಿ ಅವನದೇ ನುಡಿಯಲ್ಲಿವೆ. ಶಾಲೆಯ ಇಂಗ್ಲಿಷ್ ಅಲ್ಲ, ಬಾಯಿಂದ ಬಂದದ್ದು. ಅದನ್ನು ಪುಸ್ತಕದ ಕನ್ನಡದಲ್ಲಿ ಹೇಳಿದರೆ ಎಡ್ ಸತ್ತ ಹಾಗೆ. ಚಾಮರಾಜನಗರದ ಕಡೆಯ ಮಾತಿನಲ್ಲಿ ಹೇಳಿದರೆ ಓದುಗರಿಗೆ ಆ ಊರು, ಅಲ್ಲಿನ ಕೇರಿ ಕಾಣುತ್ತದೆ, ವೆಸ್ಟ್ ವರ್ಜೀನಿಯಾ ಮಾಯವಾಗುತ್ತದೆ. ಏನು ಮಾಡುತ್ತೀರಿ?

ರಾತ್ರಿ ಓದು:

ಕೇರಿ ಕಂಡರೆ ತಪ್ಪೇನು? ದೇವನೂರ ಮಹಾದೇವರ ‘ಕುಸುಮಬಾಲೆ’ ಆ ಸೀಮೆಯ ಮಾತಿನಲ್ಲೇ ಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮೊದಲು ಕಷ್ಟ ಅಂದವರೂ ಆಮೇಲೆ ಜೋರಾಗಿ ಓದಿಕೊಂಡು ಒಳಗೆ ಹೋದರು. ನಾನೂ ಹಾಗೇ ಓದಿದ್ದು.

ಪದಕಟ್ಟು:

ಅದು ಅವರ ನೆಲದ ಮಾತು, ಅಲ್ವಾ? ಅಲ್ಲಿ ಆ ಮಾತಿಗೆ ಹಕ್ಕಿದೆ. ನಾನು ಒಬ್ಬರ ನೋವಿನ ಮಾತನ್ನು ಕಿತ್ತು ಇನ್ನೊಬ್ಬರ ಬಾಯಿಗೆ ಇಟ್ಟ ಹಾಗಾಗುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ.

ಲಾಯದ ಮಗ:

ಲಾಯದ ಮಾತು ಅಂತಲೇ ಒಂದಿದೆ. ನಾನು ಬೆಳೆದ ಕಡೆ ಅದು ಉರ್ದು, ತಮಿಳು, ಕನ್ನಡ, ಹಿಂದಿ ಎಲ್ಲ ಕಲಸಿದ್ದು. ನಾಲ್‌ಬಂದ್, ಮಾಲಿಶ್, ದಾನಾ, ಲಗಾಮು, ಜೊತೆಗೆ ಇಂಗ್ಲಿಷಿನ ಗ್ಯಾಲಪ್, ಬ್ಯಾಂಡೇಜ್. ವಾಕ್ಯ ಚಿಕ್ಕದು. ಎತ್ತರದ ದನಿ ಇಲ್ಲ, ಕುದುರೆ ಬೆದರುತ್ತದೆ ಅಂತ. ತಂದೆ ಟ್ರೈನರ್ ಜೊತೆ ಹಿಂದಿಯಲ್ಲಿ, ಜೊತೆಯವರ ಹತ್ತಿರ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಕುದುರೆ ಹತ್ತಿರ ಮಾತ್ರ ಕನ್ನಡ. ‘ಬಾ ಮರಿ, ಕಾಲು ಕೊಡು’ ಅಂತ. ಎಡ್‌ಗೆ ಆ ಮೆಲು ದನಿ ಕೊಡಿ. ಊರಿನ ಮಾತು ಬೇಡ, ಕೆಲಸದ ಮಾತು ಕೊಡಿ.

ಪದಕಟ್ಟು:

ಇದು ನನಗೆ ಹೊಳೆದಿರಲಿಲ್ಲ. ಎರಡು ಪುಟ ಹಾಗೆ ಮಾಡಿ ನೋಡುತ್ತೇನೆ. ನಾಳೆಯೇ.

ಒಂದು ಸಂತೋಷದ ವಿಷಯವನ್ನೂ ಹೇಳಬೇಕು. ಟಾಮಿಯ ಅಧ್ಯಾಯಗಳು ‘ನೀನು’ ಅಂತ ನಡೆಯುತ್ತವೆ. ತನಗೆ ತಾನೇ ‘ನೀನು’ ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಆ ‘ನೀನು’ ಪ್ರತಿ ವಾಕ್ಯದಲ್ಲೂ ಎದ್ದು ನಿಲ್ಲಬೇಕು. ನಮ್ಮಲ್ಲಿ ಕ್ರಿಯಾಪದವೇ ಹೇಳುತ್ತದೆ. ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ. ಭೂತಕಾಲದಲ್ಲಿ ‘ನಡೆದೆ’, ‘ಕೂತೆ’, ‘ಕಳೆದುಕೊಂಡೆ’ ಅಂದರೆ ಅದು ‘ನಾನು’ ಕೂಡ ಆಗಬಹುದು, ‘ನೀನು’ ಕೂಡ ಆಗಬಹುದು. ಸರ್ವನಾಮ ಬಿಟ್ಟುಬಿಟ್ಟರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಟಾಮಿಯ ಬುದ್ಧಿ ಪುಟ ಪುಟಕ್ಕೂ ಜಾರುತ್ತಾ ಹೋಗುತ್ತದೆ. ಮೊದಲ ಭಾಗದಲ್ಲಿ ‘ನೀನು’ ಅಂತ ಬಿಡಿಸಿ ಬರೆದು, ಬರಬರುತ್ತಾ ಆ ಪದವನ್ನು ಕಳಚುತ್ತಾ ಹೋದರೆ? ಕೊನೆಗೆ ‘ಓಡಿಸಿದೆ. ಗೆದ್ದೆ. ಹಿಂತಿರುಗಿ ನೋಡಿದೆ’ ಅಷ್ಟೇ ಉಳಿದರೆ? ನಮ್ಮ ಭಾಷೆಯಲ್ಲಿ ಇದು ತಾನಾಗಿ ಸಿಗುತ್ತದೆ. ಇದನ್ನು ಕಂಡ ದಿನ ಮನೆಯಲ್ಲಿ ಎಲ್ಲರನ್ನೂ ಕರೆದು ಹೇಳಿದ್ದೆ.

ಓಹಾಯೋ ದಡದಿಂದ:

ಓದುತ್ತಾ ಮೈ ಜುಮ್ಮೆಂದಿತು. ದಯವಿಟ್ಟು ಬರೆಯಿರಿ.

ಕೆರೆದಂಡೆ:

ಪುಸ್ತಕ ಬಂತು. ಒಂದು ವಾರದಿಂದ ಓದುತ್ತಿದ್ದೇನೆ, ಅರ್ಧ ದಾಟಿದೆ. ಹೇಳುತ್ತೇನೆ ಅಂದಿದ್ದೆ, ಹೇಳುತ್ತೇನೆ.

ಟಾಮಿಯನ್ನು ನಾನು ಕ್ಷಮಿಸಲಾರೆ. ನಮ್ಮ ಚಿಕ್ಕಪ್ಪನ ಕಣ್ಣಿನಲ್ಲೂ ಅದೇ ಹೊಳಪಿತ್ತು. ‘ಈ ಸಲ ಒಂದೇ ಸಲ’ ಅನ್ನುವ ಹೊಳಪು. ಆದರೆ ಡ್ಯೂಸಿ ಎಂಬ ಮುದುಕಿ ಇದ್ದಾಳಲ್ಲ, ಒಂದೆರಡು ಕುದುರೆ ಇಟ್ಟುಕೊಂಡು ಟ್ರ್ಯಾಕಿನಿಂದ ಟ್ರ್ಯಾಕಿಗೆ ಅಲೆಯುವವಳು, ಅವಳನ್ನು ಬಿಡಲಾಗುತ್ತಿಲ್ಲ. ಹೊಸಬರಾದ ಟಾಮಿ, ಮ್ಯಾಗಿಗೆ ಲಾಯದಲ್ಲಿ ಜಾಗ ಇಲ್ಲ ಅಂದಾಗ ನೆರವಿಗೆ ಬರುವುದು ಅವಳೇ. ಆಮೇಲೆ ಡ್ಯೂಸಿ, ಎಡ್, ಮ್ಯಾಗಿ ಮೂವರೂ ಸೇರಿ ಲಿಟಲ್ ಸ್ಪಿನೋಜಾವನ್ನು ಹಂಚಿಕೊಳ್ಳುತ್ತಾರೆ. ಒಬ್ಬ ಕಪ್ಪು ಮುದುಕ, ಒಬ್ಬಳು ಬಿಳಿ ಮುದುಕಿ, ಒಬ್ಬಳು ಯಹೂದಿ ಹುಡುಗಿ. ಅವರಿಗೆ ಆ ಊರಲ್ಲಿ ಬೇರೆ ಯಾರೂ ಇಲ್ಲ. ಒಂದು ಹೆದರಿದ ಕುದುರೆ ಸುತ್ತ ಕೂತು ಲೆಕ್ಕ ಹಾಕುತ್ತಾರೆ. ಅದನ್ನು ಓದುವಾಗ ಇದು ಜೂಜಿನ ಕಥೆ ಅಂತ ನನಗೆ ಮರೆತೇ ಹೋಗಿತ್ತು.

ಮ್ಯಾಗಿ ಕುದುರೆಯ ಮೈ ಉಜ್ಜುವ ಭಾಗ ಚಿಕ್ಕಮ್ಮನಿಗೆ ಓದಿ ಹೇಳಿದೆ. ಯಾವ ಪುಸ್ತಕ ಅಂತ ಹೇಳಲಿಲ್ಲ. ಅವರು ಇಡೀ ಭಾಗ ಕೇಳಿ, ‘ಆ ಹುಡುಗಿ ಅವನನ್ನು ಬಿಟ್ಟು ಹೋಗುತ್ತಾಳಾ?’ ಅಂತ ಕೇಳಿದರು.

ದನದ ಡಾಕ್ಟರು:

ನಿಮ್ಮ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಹುಣಸೆಮರ:

ನಿನ್ನೆ ರಾತ್ರಿ ಮುಗಿಸಿದೆ. ಎರಡು ಗಂಟೆ ಆಗಿತ್ತು. ಕೊನೆ ಹೇಳುವುದಿಲ್ಲ, ಕೆರೆದಂಡೆ ಅವರು ಇನ್ನೂ ಓದುತ್ತಿದ್ದಾರೆ. ಇಷ್ಟು ಮಾತ್ರ. ಮೊದಲು ಓದಿದಾಗ ನನಗೆ ಕಷ್ಟವಾದ ಆ ಉದ್ಧರಣ ಚಿಹ್ನೆ ಇಲ್ಲದ ಮಾತುಗಳು ಈಗ ಬೇರೆ ರೀತಿ ಕೇಳಿಸುತ್ತವೆ. ಆ ಲಾಯದಲ್ಲಿ ಗೋಡೆ ಅಂದರೆ ಹಲಗೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದೇ ಬೀಳುತ್ತದೆ. ಯಾರ ಮಾತೂ ಅವರೊಬ್ಬರದೇ ಅಲ್ಲ. ಕುದುರೆಯ ಹಾಗೇ. ಲಾಯದ ಮಗ ಅವರು ಕ್ಲೇಮ್ ಬಗ್ಗೆ ಬರೆದಿರದಿದ್ದರೆ ನಾನು 50ನೇ ಪುಟದಲ್ಲೇ ನಿಲ್ಲಿಸಿರುತ್ತಿದ್ದೆ.

ಲಾಯದ ಮಗ:

ನಾನೂ ಒಂದು ವಿಷಯ ಹೇಳಬೇಕು. ತಂದೆಗೆ ಈಗ 78. ಊರಲ್ಲಿದ್ದಾರೆ, ಕಣ್ಣು ಮಂಜು. ಪದಕಟ್ಟು ಅವರು ಮೊನ್ನೆ ನನಗೆ ಎಡ್‌ನ ಎರಡು ಪುಟದ ಕನ್ನಡ ಕಳಿಸಿದ್ದರು. ನಿನ್ನೆ ಸಂಜೆ ಫೋನಿನಲ್ಲಿ ಅದನ್ನು ತಂದೆಗೆ ಓದಿದೆ. ಎಡ್ ಕುದುರೆಯ ಕಾಲಿಗೆ ಪಟ್ಟಿ ಸುತ್ತುವ ಕಡೆ ಬಂದಾಗ ಅವರು ತಡೆದರು.

‘ಯಾವ ಕಾಲು? ಮುಂದಿನದಾ, ಹಿಂದಿನದಾ?’

ನೋಡಿ ಹೇಳಿದೆ. ‘ಪಟ್ಟಿ ಬಿಗಿ ಮಾಡಬಾರದು, ಎರಡು ಬೆರಳು ಹೋಗಬೇಕು ಅಂತ ಬರೆದಿದ್ದಾಳಾ ಆ ಯಮ್ಮ?’ ಅಂತ ಕೇಳಿದರು. ಆ ಎರಡು ಪುಟದಲ್ಲಿ ಅದಿರಲಿಲ್ಲ. ಆದರೆ ಬರೆದವರಿಗೆ ಗೊತ್ತಿರುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಮುಂದೆ ಓದು’ ಅಂದರು. ಮುಂದಿನದು ನನ್ನ ಹತ್ತಿರ ಇರಲಿಲ್ಲ.

ಪದಕಟ್ಟು:

ಭಾನುವಾರದೊಳಗೆ ಇನ್ನು ನಾಲ್ಕು ಪುಟ ಕಳಿಸುತ್ತೇನೆ.